ದೋಣಿಯ ನಾಲ್ಕು ನಿಮಿಷ

ಆ ನಾಲ್ಕು ನಿಮಿಷ ಏನು ಹೇಳುವುದು?

ರಾಮನಗರದಲ್ಲಿ ಮೈಸೂರು ಪ್ಯಾಸೆಂಜರ್ ಹತ್ತಿ, ಪ್ರೊಜೆಕ್ಟರಿನ ಪೆಟ್ಟಿಗೆಯನ್ನು ತೊಡೆಯ ಮೇಲೆ ಕೂರಿಸಿಕೊಂಡಾಗಿನಿಂದ ಕೆಂಪರಾಜುವಿಗೆ ಅದೊಂದೇ ಯೋಚನೆ. ಸಿನಿಮಾ ಒಂದೂಮುಕ್ಕಾಲು ಗಂಟೆಯದು. ಪಾತ್ರಗಳು ಜಪಾನೀ ಭಾಷೆಯಲ್ಲಿ ಏನಂದರೂ ಅದನ್ನು ಕನ್ನಡದಲ್ಲಿ ಅನ್ನುವುದು ಅವನಿಗೆ ನೀರು ಕುಡಿದಷ್ಟು ಸುಲಭ. ಸಂಬಳ ಬರುತ್ತಿದ್ದುದೇ ಅದಕ್ಕೆ. ಆದರೆ ಆ ನಾಲ್ಕು ನಿಮಿಷ ಯಾರೂ ಏನೂ ಅನ್ನುವುದಿಲ್ಲ. ಒಬ್ಬಳು ಹುಡುಗಿ ಹೊಳೆಯಲ್ಲಿ ದೋಣಿ ನಡೆಸುತ್ತಾಳೆ, ಅಷ್ಟೆ. ಜಗತ್ತು ಆ ಚಿತ್ರವನ್ನು ತಲೆಯ ಮೇಲೆ ಹೊತ್ತು ಮೆರೆಸಿದ್ದು ಮುಖ್ಯವಾಗಿ ಆ ನಾಲ್ಕು ನಿಮಿಷಕ್ಕೆ.

ಕೈಯಲ್ಲಿ ಬರೆದ ಚಿತ್ರಗಳನ್ನು ಓಡಿಸಿ ಮಾಡಿದ ಸಿನಿಮಾ. ಎಲ್ಲೆಲ್ಲಿಯದೋ ಪ್ರಶಸ್ತಿಗಳು ಬಂದಿದ್ದವು. ಕಲ್ಲುಹೃದಯದವರೂ ಅತ್ತರು ಎಂದು ಡಿವಿಡಿಯ ಹಿಂದೆ ಅಚ್ಚಾಗಿತ್ತು. ಕೆಂಪರಾಜು ಆರು ಸಲ ನೋಡಿದ್ದ. ಮೊದಲ ಸಲ ದೋಣಿ ನಡುಹೊಳೆಗೆ ಬರುವಷ್ಟರಲ್ಲಿ ಅವನಿಗೆ ನಿದ್ದೆ ಹತ್ತಿತ್ತು. ಉಳಿದ ಐದು ಸಲ ಎಚ್ಚರವಾಗಿದ್ದು, ಈಗ ಬರುತ್ತದೆ ಇನ್ನೇನು ಬರುತ್ತದೆ ಎಂದು ಅಳುವಿಗಾಗಿ ಕಾದಿದ್ದ. ಬರಲಿಲ್ಲ. ಕೇಳಿದವರಿಗೆಲ್ಲ 'ಅದ್ಭುತ' ಎಂದು ಹೇಳಿದ್ದ.

ಹಾಗೆ ಹೇಳಲು ಕಲಿಸಿದವರು ಓಕಾದಾ ಸಾನ್. ಬಿಡದಿಯ ಕೈಗಾರಿಕಾ ಪ್ರದೇಶದಲ್ಲಿ ಕಾರಿನ ಸೀಟಿಗೆ ಸ್ಪ್ರಿಂಗು ಮಾಡುವ ಒಂದು ಚಿಕ್ಕ ಜಪಾನೀ ಕಂಪನಿಯ ಮುಖ್ಯಸ್ಥರು. ಕೆಂಪರಾಜು ಅಲ್ಲಿ ದುಭಾಷಿ. ಡಿವಿಡಿ ಕೊಟ್ಟ ದಿನ ಅವರ ಕಣ್ಣು ಒದ್ದೆಯಾಗಿತ್ತು. ಹಿಂತಿರುಗಿಸಲು ಹೋದ ದಿನ ಕೆಂಪರಾಜು ತನ್ನ ಕಣ್ಣನ್ನೂ, ಇದನ್ನು ನೀನೇ ಇಟ್ಟುಕೋ ಎಂದು ಅವರು ಹೇಳುವಷ್ಟು, ಒದ್ದೆ ಮಾಡಿಕೊಂಡ. ಅದು ಮೋಸವೇನಲ್ಲ. ದುಭಾಷಿಯ ಕೆಲಸವೇ ಅಂಥದು. ಮೆಕ್ಯಾನಿಕ್ಕು 'ನನಗೆ ರಜ ಬೇಕು' ಎಂದರೆ ಇವನು ಜಪಾನಿಯಲ್ಲಿ ನನಗೆ ರಜ ಬೇಕು ಎನ್ನಬೇಕು. ಸಾಹೇಬರು 'ನನಗೆ ಬೇಸರವಾಗಿದೆ' ಎಂದರೆ ಇವನು ಮೆಕ್ಯಾನಿಕ್ಕಿನ ಮುಖ ನೋಡಿ ನನಗೆ ಬೇಸರವಾಗಿದೆ ಎನ್ನಬೇಕು. ದಿನಕ್ಕೆ ಒಂಬತ್ತು ಗಂಟೆ ಅವನು ಊರವರ ಖುಷಿ, ಊರವರ ಸಿಟ್ಟು, ಊರವರ ನಮಸ್ಕಾರ ಎಲ್ಲವನ್ನೂ 'ನಾನು' ಎಂದೇ ಹೇಳಿ, ಸಂಜೆ ರೂಮಿಗೆ ಬಂದು ಬಾಗಿಲು ಹಾಕಿಕೊಂಡರೆ, ಹೇಳಲು ತನ್ನದೇನೂ ಉಳಿದಿರುತ್ತಿರಲಿಲ್ಲ. ಮಾಗಡಿಯ ಕಡೆಯ ಅವನ ಹಳ್ಳಿಯಲ್ಲಿ ನೆಂಟರು ಅವನನ್ನು ಹೆಮ್ಮೆಯಿಂದ ಜಪಾನ್ ರಾಜು ಎನ್ನುತ್ತಿದ್ದರು. ಅವನು ಹೆಮ್ಮೆಪಟ್ಟವನ ಹಾಗೆ ನಗುತ್ತಿದ್ದ.

ರೈಲು ಚನ್ನಪಟ್ಟಣದಲ್ಲಿ ನಿಂತಿತು. ಭಾನುವಾರ, ಮಧ್ಯಾಹ್ನದ ಹನ್ನೆರಡು. ಆಟೋದಲ್ಲಿ ಪೆಟ್ಟಿಗೆಯನ್ನು ಎರಡೂ ಕೈಯಿಂದ ಹಿಡಿದು ಕುಳಿತ. ಇದು ಸಿನಿಮಾ ತೋರಿಸುವ ನೆಪವಷ್ಟೆ. ತೀರಿಸಲಾಗದ ಉಪಕಾರ ಒಂದಿತ್ತು. ಅದನ್ನು ಹೇಗೆ ಹೇಳಬೇಕೆಂದು ತಿಳಿಯದೆ, ಜಗತ್ತು ಅತಿ ಶ್ರೇಷ್ಠ ಎನ್ನುವ ಒಂದು ವಸ್ತುವನ್ನು ಎತ್ತಿಕೊಂಡು ಹೊರಟಿದ್ದ. ಈಗ ದಾರಿಯ ಮೇಲೆ ಹೆದರಿಕೆ. ಅದು ನಿಜವಾಗಿ ಶ್ರೇಷ್ಠವಲ್ಲದಿದ್ದರೆ? ಶ್ರೇಷ್ಠವೇ ಆಗಿದ್ದು, ತನಗೊಬ್ಬನಿಗೇ ಕಾಣದಿದ್ದರೆ?

ಎರಡನೆಯದು ಮೊದಲನೆಯದಕ್ಕಿಂತ ಕೆಟ್ಟದ್ದು.

*

ಉಪಕಾರ ನಡೆದದ್ದು ಹೀಗೆ.

ಎಂಟು ತಿಂಗಳ ಹಿಂದೆ, ರಾಮನಗರ ಆಗತಾನೇ ಜಿಲ್ಲೆಯಾಗಿದ್ದಾಗ, ಕಂಪನಿಯಲ್ಲಿ ಹೊಸ ವಿಭಾಗ ಶುರುವಾಗುವುದಿತ್ತು. ಅದರ ಪೂಜೆಯ ದಿನ ಪ್ರತಿಯೊಬ್ಬ ಕೆಲಸಗಾರನಿಗೂ ಒಂದೊಂದು ಕೆಂಪು ಗುಂಡು ಗೊಂಬೆ ಕೊಡಬೇಕೆಂದು ಓಕಾದಾ ಸಾನ್ ಆಸೆಪಟ್ಟರು. ಜಪಾನಿನಲ್ಲಿ ಅಂಥ ಗೊಂಬೆಗೆ ಕಣ್ಣು ಬರೆದಿರುವುದಿಲ್ಲ. ತೆಗೆದುಕೊಂಡವನು ಮನಸ್ಸಿನಲ್ಲಿ ಏನಾದರೂ ಬೇಡಿಕೊಂಡು ಒಂದು ಕಣ್ಣು ಬರೆಯಬೇಕು. ಬೇಡಿದ್ದು ಕೈಗೂಡಿದ ದಿನ ಇನ್ನೊಂದು ಕಣ್ಣು. ಗುಂಡಗೆ ಕಡೆದು ಕೆಂಪರಗು ಹಚ್ಚುವ ಕೆಲಸ ಚನ್ನಪಟ್ಟಣದವರಿಗೆ ಹೇಳಿ ಮಾಡಿಸಿದ್ದು. ಮುನವ್ವರಾ ಎಂಬುವರ ಶೆಡ್ಡಿಗೆ ಮುನ್ನೂರು ಗೊಂಬೆ ಹೇಳಲು ಸಾಹೇಬರೊಂದಿಗೆ ಕೆಂಪರಾಜುವೂ ಬಂದಿದ್ದ.

ಮಾತು ಎರಡು ಗಂಟೆ ನಡೆಯಿತು. ಅಳತೆ, ಬಣ್ಣ, ತಳದ ತೂಕ. ಕೊನೆಗೆ ಏಳುವಾಗ ಸಾಹೇಬರು, ಕಣ್ಣು ಬರೆಯಬಾರದು ಎಂದು ತಿಳಿಸಿಬಿಡು ಎಂದರು. ಕೆಂಪರಾಜುವಿನ ಗಂಟಲು ಒಣಗಿತ್ತು. ಕೊಟ್ಟ ಚಿತ್ರದಲ್ಲೇ ಕಣ್ಣಿಲ್ಲವಲ್ಲ, ನೋಡಿಕೊಳ್ಳುತ್ತಾರೆ ಎಂದುಕೊಂಡು ತಲೆಯಾಡಿಸಿ ಸುಮ್ಮನಾದ. ಅಷ್ಟೇ ಅವನು ಮಾಡಿದ್ದು.

ಮುನವ್ವರಾ ಚಿತ್ರ ನೋಡಿ, ಪಾಪ ಬರೆದವರು ಕಣ್ಣು ಮರೆತಿದ್ದಾರೆ ಅಂದುಕೊಂಡರು. ಅವರ ಶೆಡ್ಡಿನಲ್ಲಿ ಮಾವನ ಕಾಲದಿಂದ ಒಂದು ಕಟ್ಟಳೆ: ಕಣ್ಣು ಬರೆಯದ ಗೊಂಬೆ ಬಾಗಿಲು ದಾಟಕೂಡದು. ಯಾರು ಕಡೆಯಲಿ, ಯಾರು ಬಣ್ಣ ಹಚ್ಚಲಿ, ಕೊನೆಯಲ್ಲಿ ಕಣ್ಣು ಮಾತ್ರ ಮನೆಯ ಹಿರಿಯ ಹೆಂಗಸು ಬರೆಯಬೇಕು. ಅವರು ಮುನ್ನೂರಕ್ಕೂ ಕೂತು ಕಣ್ಣು ಬರೆದರು. ಒಂದಕ್ಕಿಂತ ಒಂದು ಚೆನ್ನಾದ ಕಣ್ಣುಗಳು.

ಮುನವ್ವರಾ ತಾವೇ ಕಂಪನಿಗೆ ತಂದು ಪೆಟ್ಟಿಗೆ ಬಿಚ್ಚಿದಾಗ ಓಕಾದಾ ಸಾನ್ ಒಂದು ಗೊಂಬೆಯನ್ನು ಎತ್ತಿ ತಿರುಗಿಸಿ ನೋಡಿದರು. ಆಮೇಲೆ, ಕಣ್ಣು ಬರೆಯಬೇಡಿ ಎಂದು ಹೇಳಿರಲಿಲ್ಲವೇ, ಅವರನ್ನು ಕೇಳು ಎಂದರು. ಕೆಂಪರಾಜು ಕೇಳಬೇಕಾಯಿತು. ಮುನವ್ವರಾ ಅವನ ಮುಖವನ್ನು ಒಂದು ಗಳಿಗೆ ನೋಡಿದರು.

"ಹೇಳಿದ್ರು ಸಾರ್. ನಾನೇ ಮರ್ತ್‌ಬುಟ್ಟೆ."

ಕೆಂಪರಾಜು ಅದನ್ನೂ ಅನುವಾದಿಸಿದ. ಸಾಹೇಬರ ಕಡೆ ತಿರುಗಿ, ಸೊಂಟ ಬಗ್ಗಿಸಿ, ಚೊಕ್ಕ ಜಪಾನಿಯಲ್ಲಿ, ನಾನೇ ಮರೆತೆ, ತಪ್ಪು ನನ್ನದು, ಕ್ಷಮಿಸಿ ಎಂದ. ಎಷ್ಟೋ ವರ್ಷದ ಮೇಲೆ ಅವನ ಬಾಯಿಂದ ಅವನದೇ ಮಾತು ಹೊರಟಿತ್ತು. ಕೇಳಿಸಿಕೊಂಡವರು ಅದನ್ನು ಮುನವ್ವರಾ ಅವರ ಮಾತು ಎಂದುಕೊಂಡರು.

ಮುನ್ನೂರನ್ನೂ ವಾಪಸು ತಂದು, ಮತ್ತೆ ಮಿಷಿನ್ನಿಗೆ ಕಟ್ಟಿ, ಕಣ್ಣು ಕೆರೆದು, ಹೊಸದಾಗಿ ಅರಗು ಹಿಡಿದು, ತಾಳೆಗರಿಯಲ್ಲಿ ಉಜ್ಜಿ, ಮಾವನ ಕಾಲದ ಕಟ್ಟಳೆಯನ್ನು ಆ ಒಂದು ಸಲ ಬದಿಗಿಟ್ಟು, ಒಂಬತ್ತು ದಿನಕ್ಕೆ ಕೊಟ್ಟರು. ಎಲ್ಲವೂ ಒಂದೊಂದು ಕೂದಲೆಳೆ ಸಣ್ಣವಾಗಿದ್ದವು. ಶೆಡ್ಡಿನವರ ಹೊರತು ಬೇರೆ ಯಾರಿಗೂ ಅದು ಗೊತ್ತಾಗಲಿಲ್ಲ.

ಪೂಜೆಯ ದಿನ ಎಲ್ಲರೂ ಸಾಲಾಗಿ ನಿಂತು ಒಂದೊಂದು ಕಣ್ಣು ಬರೆದರು. ಯಾರು ಏನು ಬೇಡಿಕೊಂಡರು ಎನ್ನುವುದನ್ನು ಕೆಂಪರಾಜು ಸಾಹೇಬರಿಗೆ ಒಂದೊಂದಾಗಿ ಹೇಳಿದ. ಮಗಳಿಗೆ ಸೀಟು ಸಿಗಲಿ, ಕೊಳವೆಬಾವಿಯಲ್ಲಿ ನೀರು ಬರಲಿ, ಬೆನ್ನುನೋವು ಹೋಗಲಿ. ತನ್ನ ಪಾಳಿ ಬಂದಾಗ ಟೀ ಬಂತು. ಅವನ ಗೊಂಬೆ ಕಣ್ಣಿಲ್ಲದೆಯೇ ರೂಮಿನ ಕಿಟಕಿಯಲ್ಲಿ ಕೂತಿತು.

*

ಶೆಡ್ಡಿನ ಕಿಟಕಿಗಳಿಗೆ ಗೋಣಿಚೀಲ ಹೊಡೆದಿದ್ದರು. ಗೋಡೆಗೆ ಬಿಳಿ ದುಪ್ಪಟಿ. ಮಿಷಿನ್ನುಗಳ ಮೇಲೆ ಬಟ್ಟೆ ಹೊದಿಸಿ, ನೆಲದ ಹೊಟ್ಟು ಗುಡಿಸಿ, ಚಾಪೆ ಹಾಸಿದ್ದರು. ಅರಗಿನ ಸುಟ್ಟ ಸಿಹಿ ವಾಸನೆ ಮಾತ್ರ ಹೋಗಿರಲಿಲ್ಲ. ಮುನವ್ವರಾ, ಅವರ ಮೈದುನ ಇದ್ರೀಸ್, ಮಗಳು ತಸ್ಲೀಮಾ, ಗೊಂಬೆ ಕಡೆಯಲು ಆಲೆಮರ ತಂದುಕೊಡುವ ಮರಳವಾಡಿಯ ಪುಟ್ಟಸ್ವಾಮಿ, ಜೊತೆಗೆ ಅಕ್ಕಪಕ್ಕದ ಶೆಡ್ಡುಗಳ ಐದಾರು ಜನ. ಪುಟ್ಟಸ್ವಾಮಿ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದ.

ಮೊದಲು ಊಟವಾಗಬೇಕು ಎಂದರು. ಕೆಂಪರಾಜು ಬೇಡ ಎಂದ. ಅವನ ಬೇಡವನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ತಟ್ಟೆಯಲ್ಲಿ ಮತ್ತೆ ಮತ್ತೆ ಬಂದು ಬೀಳುತ್ತಿದ್ದ ಅನ್ನವನ್ನು ತಲೆ ತಗ್ಗಿಸಿ ತಿಂದ. ಈ ಜನ ತನ್ನಿಂದ ಒಂಬತ್ತು ದಿನ ನಿದ್ದೆಗೆಟ್ಟವರು. ಅವರೇ ತನಗೆ ಬಡಿಸುತ್ತಿದ್ದಾರೆ. ಎದೆ ತುಂಬಿ ಬಂತು, ನಿಜವಾಗಿ ತುಂಬಿ ಬಂತು. ಆದರೆ ಅದನ್ನು ಯಾವ ಮಾತಿನಲ್ಲಿ ಹೇಳುವುದು? ಜಪಾನಿಯಲ್ಲಿ ದಿನಕ್ಕೆ ಐವತ್ತು ಸಲ ಕೃತಜ್ಞತೆ ಸಲ್ಲಿಸುತ್ತಿದ್ದ. ಕನ್ನಡದಲ್ಲಿ ಧನ್ಯವಾದ ಎಂದರೆ ಮೈಕು ಹಿಡಿದ ಹಾಗಾಗುತ್ತದೆ.

"ಸಾರು ಸಪ್ಪೆಯಾಯ್ತೇನೋ?" ಎಂದು ಮುನವ್ವರಾ ಕೇಳಿದರು.

"ಇಲ್ಲ ಅಕ್ಕ. ಚೆನ್ನಾಗಿದೆ."

ಇದ್ರೀಸ್ ಕೈ ತೊಳೆಯುತ್ತ, ಈ ಪಿಕ್ಚರು ಅಷ್ಟು ದೊಡ್ಡದಾ ಸಾರ್ ಎಂದು ವಿಚಾರಿಸಿದ. ಅವನು ಅನುಮಾನದ ಮನುಷ್ಯ. ಮರ ಕೊಂಡರೂ ಬಡಿದು ನೋಡಿಯೇ ಕೊಳ್ಳುವವನು. ಕೆಂಪರಾಜು ಪ್ರಶಸ್ತಿಗಳ ಪಟ್ಟಿ ಹೇಳಿದ. ಇದ್ರೀಸ್ ಪೂರ್ತಿ ಕೇಳಿಸಿಕೊಂಡು, ಅದು ಅವರದಾಯ್ತು, ನೋಡೋಣ ಎಂದ.

ಸಿನಿಮಾ ಶುರುವಾಯಿತು. ಕತೆ ಸರಳ. ಬೆಟ್ಟದ ಕೆಳಗೊಂದು ಹೊಳೆ, ದೋಣಿ ನಡೆಸುವ ಮುದುಕಿ, ತಾಯಿಯಿಲ್ಲದ ಮೊಮ್ಮಗಳು. ಹೊಳೆಗೆ ಸೇತುವೆ ಬರುತ್ತಿದೆ. ನಾಳೆಯಿಂದ ದೋಣಿ ಬೇಡ. ಕೊನೆಯ ದಿನ ಅಜ್ಜಿಗೆ ಜ್ವರ. ಹುಡುಗಿಯೇ ಹುಟ್ಟು ಹಿಡಿಯುತ್ತಾಳೆ.

ಕೆಂಪರಾಜು ದುಪ್ಪಟಿಯ ಪಕ್ಕ ನಿಂತು ಹೇಳತೊಡಗಿದ. 'ನಂಗೆ ಮೈಯಲ್ಲಿ ಚೆನ್ನಾಗಿಲ್ಲ ಮಗ' ಎಂದು ಅಜ್ಜಿಯಾದ. 'ನಾನು ಓಯ್ತೀನಿ ಬುಡಜ್ಜಿ' ಎಂದು ಮೊಮ್ಮಗಳಾದ. ತಾನು ಮಾಗಡಿಯ ಮಾತಿಗೆ ಇಳಿದದ್ದು ಅವನಿಗೇ ಆಮೇಲೆ ಗೊತ್ತಾಯಿತು. ಕಂಪನಿಯಲ್ಲಿ ಅವನು ಎಂದೂ ಹಾಗೆ ಮಾತಾಡಿರಲಿಲ್ಲ. ಸೇತುವೆಯ ಎಂಜಿನಿಯರು ಟೋಪಿ ತೆಗೆದು ಅಜ್ಜಿಗೆ ನಮಸ್ಕಾರ ಮಾಡಿದಾಗ ಪುಟ್ಟಸ್ವಾಮಿ ಗಟ್ಟಿಯಾಗಿ ನಕ್ಕ. ಅಲ್ಲಿ ನಗುವಂಥದೇನೂ ಇರಲಿಲ್ಲ. ಪತ್ರಿಕೆಯವರೆಲ್ಲ ಅದನ್ನು ಘನತೆಯ ದೃಶ್ಯ ಎಂದಿದ್ದರು.

ಆಮೇಲೆ ಆ ನಾಲ್ಕು ನಿಮಿಷ ಬಂತು.

ಹೊಳೆ. ಮಂಜು. ಹುಡುಗಿ ಒಬ್ಬಳೇ ಖಾಲಿ ದೋಣಿಯನ್ನು ಆ ದಡದಿಂದ ಈ ದಡಕ್ಕೆ ತರುತ್ತಿದ್ದಾಳೆ. ಸಂಗೀತವಿಲ್ಲ. ಹುಟ್ಟು ನೀರಿಗೆ ಬೀಳುವ ಸದ್ದು ಮಾತ್ರ.

ಕೆಂಪರಾಜುವಿನ ಬಾಯಲ್ಲಿ ಮಾತು ಮುಗಿದಿತ್ತು. ಅರ್ಧ ನಿಮಿಷ ತಡೆದ. ಮುಂದೆ ತಡೆಯಲಾಗಲಿಲ್ಲ. ಶೆಡ್ಡಿನ ಅಷ್ಟೂ ಮೌನ ತನ್ನೊಬ್ಬನನ್ನೇ ನೋಡುತ್ತಿದೆ ಅನ್ನಿಸಿತು. ಗಂಟಲು ಸರಿಮಾಡಿಕೊಂಡು, ಇದು ಬಹಳ ಪ್ರಸಿದ್ಧವಾದ ದೃಶ್ಯ, ಇಲ್ಲಿ ಒಂದು ಇಡೀ ಯುಗವೇ ಮುಗಿಯುತ್ತದೆ, ದೊಡ್ಡ ದೊಡ್ಡ ವಿಮರ್ಶಕರೆಲ್ಲ ಇದನ್ನು... ಎಂದು ಶುರುಮಾಡಿದ.

"ಒಸಿ ಸುಮ್ಕಿರಿ ಸಾರ್," ಮುನವ್ವರಾ ಮೆಲ್ಲಗೆ ಎಂದರು. "ಅವ್ಳು ಒಬ್ಳೇ ಅವ್ಳೆ."

ಅವನು ಗೋಡೆಗೆ ಸರಿದು ನಿಂತ.

ಮಾಡಲು ಕೆಲಸವಿರಲಿಲ್ಲ. ದುಪ್ಪಟಿಯನ್ನು ನೋಡುವ ಬದಲು ಅವನು ಅದರ ಬೆಳಕು ಬಿದ್ದ ಮುಖಗಳನ್ನು ನೋಡಿದ. ಪುಟ್ಟಸ್ವಾಮಿ ಬಾಯಿ ತೆರೆದು ಕೂತಿದ್ದ. ತಸ್ಲೀಮಾ ಮೊಣಕಾಲಿಗೆ ಗಲ್ಲ ಊರಿದ್ದಳು. ಇದ್ರೀಸ್ ಹುಬ್ಬು ಗಂಟು ಹಾಕಿಕೊಂಡು, ಯಾವುದೋ ಬಿರುಕು ಹುಡುಕುವವನ ಹಾಗೆ ನೋಡುತ್ತಿದ್ದ. ಮುನವ್ವರಾ ಅವರ ಬಲಗೈಯ ಎರಡು ಬೆರಳು ಮಡಿಲಲ್ಲಿ ಸಣ್ಣಗೆ ಆಡುತ್ತಿದ್ದವು, ಕುಂಚ ಹಿಡಿದ ಹಾಗೆ. ಇವರೆಲ್ಲ ಏನನ್ನೋ ನೋಡುತ್ತಿದ್ದರು. ತನಗೆ ಕಾಣದಿದ್ದದ್ದು ಅಲ್ಲಿ ಇತ್ತು. ಇಲ್ಲದೆ ಇರಲಿಲ್ಲ. ಅಷ್ಟು ತಿಳಿದದ್ದಕ್ಕೇ ಅವನಿಗೆ ಎಷ್ಟು ಸಮಾಧಾನವಾಯಿತೆಂದರೆ, ಅವರೊಬ್ಬೊಬ್ಬರ ಕಾಲು ಮುಟ್ಟಬೇಕು ಅನ್ನಿಸಿತು. ಅವನು ಮುಟ್ಟಲಿಲ್ಲ. ಕೈಕಟ್ಟಿ ನಿಂತುಕೊಂಡ.

*

ಸಿನಿಮಾ ಮುಗಿದು ಗೋಣಿಚೀಲ ತೆಗೆದಾಗ ಎಲ್ಲರೂ ಬಿಸಿಲಿಗೆ ಕಣ್ಣು ಕಿರಿದು ಮಾಡಿದರು. ತಸ್ಲೀಮಾ ಟೀ ತಂದಳು.

ಪುಟ್ಟಸ್ವಾಮಿಗೆ ಅಸಮಾಧಾನ. "ಕತೆ ಅಂತ ಏನೈತೆ ಸಾರ್ ಇದ್ರಲ್ಲಿ? ಸೇತ್ವೆ ಬಂತು, ದೋಣಿ ನಿಂತೋಯ್ತು. ನಮ್ ಕಡೆ ರೋಡು ಬಂದಾಗ ನಮ್ಮಪ್ಪನ ಗಾಡೀನೂ ನಿಂತೋಯ್ತು. ಯಾರು ಬಂದು ಟೋಪಿ ತೆಗುದ್ರು?"

ತಾನು ನಕ್ಕದ್ದು ಅದಕ್ಕೇ ಎಂದು ಅವನು ವಿವರಿಸಿದ.

ಇದ್ರೀಸ್ ತೀರ್ಪು ಕೊಡಲು ಟೀ ಮುಗಿಯುವ ತನಕ ಕಾಯಿಸಿದ. ನೀರು ಬರೆದವನು ಭಾರಿ ಕಸುಬುದಾರ, ಅದರಲ್ಲಿ ಎರಡು ಮಾತಿಲ್ಲ ಎಂದ. ಹುಟ್ಟಿನ ನೆನೆದ ಭಾಗ ಒಂದು ಬಣ್ಣ, ಒಣಗಿದ ಭಾಗ ಒಂದು ಬಣ್ಣ, ಮೇಲೆ ಎತ್ತಿದ ಹಾಗೆಲ್ಲ ನೆನೆದ ಗೆರೆ ಕೆಳಗೆ ಜಾರುತ್ತದೆ, ನೋಡಿದಿರಾ ಎಂದು ಕೇಳಿದ. ಕೆಂಪರಾಜು ಆರು ಸಲವೂ ನೋಡಿರಲಿಲ್ಲ. ಆದರೆ ಮುಖಗಳೆಲ್ಲ ಒಂದೇ ಅಚ್ಚಿನವು ಎಂದು ಇದ್ರೀಸ್ ಮುಂದುವರಿಸಿದ. ಅಜ್ಜಿಯ ಸುಕ್ಕು ಅಳಿಸಿದರೆ ಮೊಮ್ಮಗಳು.

"ಕಣ್ಣು ಅಷ್ಟ್ ದೊಡ್ದು ಬರುದ್ರೆ ಜನಾನ ಅಳ್ಸೋದು ಸುಲ್ಬ ಸಾರ್. ಸಣ್ ಕಣ್ಣು ಬರ್ದು ಅಳುಸ್ಲಿ, ಆಗ ಒಪ್ತೀನಿ."

ಸುತ್ತ ಕೂತವರು ನಕ್ಕರು. ಪ್ರಶಸ್ತಿಗಳ ಭಾರ ಒಂದಿಷ್ಟು ಇಳಿದ ಹಾಗಾಯಿತು. ನೆರೆಯ ಶೆಡ್ಡಿನವರು ಚಾಪೆ ಸುತ್ತಿಕೊಂಡು ಹೊರಟರು. ಪುಟ್ಟಸ್ವಾಮಿಗೆ ಮರಳವಾಡಿಯ ಬಸ್ಸಿನ ಹೊತ್ತಾಗಿತ್ತು. ಅವನನ್ನು ಬಸ್‌ಸ್ಟ್ಯಾಂಡಿಗೆ ಬಿಡಲು ಇದ್ರೀಸ್ ಸ್ಕೂಟರು ತೆಗೆದ.

ತಸ್ಲೀಮಾ ಲೋಟ ತೊಳೆಯಲು ಹೋದಳು. ಉಳಿದದ್ದು ಮುನವ್ವರಾ. ದುಪ್ಪಟಿ ಮಡಿಸುತ್ತಿದ್ದರು. ಕೆಂಪರಾಜು ವೈರು ಸುತ್ತುತ್ತ, ನಿಮಗೆ ಹೇಗನ್ನಿಸಿತು ಅಕ್ಕ ಎಂದು ಕೇಳಿದ.

"ಕತೆ ಇದ್ರೀಸ್ ಹೇಳ್ದಂಗೇ," ಎಂದರು. "ಒಸಿ ಜಾಸ್ತಿನೇ ಹೊಗುಳವ್ರೆ. ಆದ್ರೆ ದೋಣೀಲಿ ಆ ಹುಡ್ಗಿ ಬರೋವಾಗ, ಅಷ್ಟೊತ್ಗೂ ಕಣ್ಣು ಮುಚ್ಚಿ ತೆಗ್ದಿದ್ದು ಎರಡೇ ಸಲ. ಬರ್ಯೋನಿಗೆ ಕೈ ತುರ್ಸ್ತದೆ, ಇನ್ನೊಂದ್ಸಲ ಮುಚ್ಸಣ, ಒಂದ್ ತೊಟ್ಟು ನೀರು ಬಿಡಣ ಅಂತ. ಅವ್ನು ಕೈ ಕಟ್ಕಂಡವ್ನೆ. ಅದೊಂದ್ ಸಾಕು ನಂಗೆ. ಅಲ್ಲಿಂದ ಹೊತ್ಕಂಡ್ ಬಂದ್ ತೋರ್ಸಿದ್ರಿ, ದೇವ್ರು ಒಳ್ಳೇದು ಮಾಡ್ಲಿ."

ಹೇಳಬೇಕಾದವನು ತಾನು. ಹೇಳುತ್ತಿರುವವರು ಅವರು. ಕೆಂಪರಾಜು ಸುತ್ತಿದ ವೈರನ್ನು ಬಿಚ್ಚಿ ಮತ್ತೆ ಸುತ್ತಿದ.

"ನಿಮ್ಗೆ ಹೆಂಗನ್ಸ್ತು ಸಾರ್?"

"ಓಕಾದಾ ಸಾನ್ ಹೇಳ್ತಾರೆ, ಇದು..."

"ಅವ್ರುದ್ದಲ್ಲ. ನಿಮ್ದು."

ಅವನು ಬಾಯಿ ತೆರೆದ. ಅದ್ಭುತ ಎಂಬ ಪದ ಅಲ್ಲೇ ನಾಲಿಗೆಯ ತುದಿಯಲ್ಲಿತ್ತು, ಅದು ಹೊರಡಲಿಲ್ಲ. ಚೆನ್ನಾಗಿಲ್ಲ ಎನ್ನುವಷ್ಟೂ ಗೊತ್ತಿರಲಿಲ್ಲ. ತನ್ನೊಳಗೆ ಹುಡುಕಿದ. ಎಲ್ಲರೂ ಎದ್ದು ಹೋದ ಮೇಲಿನ ಶೆಡ್ಡಿನ ಹಾಗಿತ್ತು. ಕೊನೆಗೆ ಬಂದ ಮಾತು ಬೇರೆಯೇ.

"ಅವತ್ತು ಕಣ್ಣಿನ ವಿಷಯ ನಾನು ಹೇಳಿರಲಿಲ್ಲ ಅಕ್ಕ."

"ಗೊತ್ತು."

"ಮತ್ತೆ ಯಾಕೆ ಹಾಗಂದಿರಿ?"

ಮುನವ್ವರಾ ದುಪ್ಪಟಿಯ ಕೊನೆಯ ಮಡಿಕೆ ಹಾಕಿ ಅಂಗೈಯಿಂದ ಒತ್ತಿದರು. "ನಿಮ್ ಮುಖ ನೋಡ್ದೆ ತಮ್ಮಾ. ಕಣ್ಣು ಬರೀದೆ ಬುಟ್ಟಂಗಿತ್ತು. ಅಂಥಾದ್ನ ಹಂಗೇ ಆಚೆಗೆ ಕಳ್ಸೋದು ನಮ್ ಶೆಡ್ಡಲ್ಲಿಲ್ಲ."

ಇದುವರೆಗೆ ಸಾರ್ ಎನ್ನುತ್ತಿದ್ದವರು ತಮ್ಮ ಎಂದಿದ್ದರು. ಅದನ್ನು ಅವನು ಗಮನಿಸಿದ. ಏನಾದರೂ ಹೇಳುವ ಮೊದಲೇ ಅವರು ಕಪಾಟಿನ ಮೇಲಿಂದ ಕಾಗದದಲ್ಲಿ ಸುತ್ತಿದ ಒಂದು ಗೊಂಬೆ ತೆಗೆದು ಅವನ ಕೈಗಿಟ್ಟರು. ಯಾವುದಾದರೂ ಬಿರುಕು ಬಿಟ್ಟರೆ ಇರಲಿ ಎಂದು ಅಂದು ಒಂದು ಹೆಚ್ಚು ಕಡೆದಿದ್ದರಂತೆ. ಅದನ್ನು ಮಾತ್ರ ಕೆರೆದಿರಲಿಲ್ಲ. ಎರಡು ಸಣ್ಣ ಕಣ್ಣು, ರೆಪ್ಪೆಯ ಗೆರೆ ಸಮೇತ. ನೇರವಾಗಿ ನೋಡುತ್ತಿದ್ದವು.

ಕೆಂಪರಾಜು ಸೊಂಟ ಬಗ್ಗಿಸಿ ನಮಸ್ಕರಿಸಿದ. ಬಗ್ಗಿದ ಮೇಲೆ, ಇದು ಜಪಾನೀ ನಮಸ್ಕಾರವಾಯಿತಲ್ಲ ಎಂದು ನಾಚಿಕೆಯಾಯಿತು. ಮುನವ್ವರಾ ನಗಲಿಲ್ಲ. ಹುಷಾರಾಗಿ ಹೋಗಿ ಎಂದರು.

*

ರೂಮಿಗೆ ಬಂದಾಗ ಇನ್ನೂ ಬೆಳಕಿತ್ತು. ಕಿಟಕಿಯಲ್ಲಿದ್ದ ತನ್ನ ಗೊಂಬೆಯನ್ನು ತೆಗೆದು ಮೇಜಿನ ಮೇಲೆ, ಅವರು ಕೊಟ್ಟದ್ದರ ಪಕ್ಕದಲ್ಲಿ ಇಟ್ಟ. ತನ್ನದು ಒಂದು ಕೂದಲೆಳೆ ಸಣ್ಣದು ಎನ್ನುವುದು ಈಗ ಕಂಡಿತು. ಕಪ್ಪು ಪೆನ್ನು ಹುಡುಕಿ ಮುಚ್ಚಳ ತೆಗೆದ. ಇವತ್ತು ಬರೆದುಬಿಡಬೇಕು. ಇಷ್ಟು ಒಳ್ಳೆಯ ದಿನ ಮತ್ತೆ ಬರುವುದಿಲ್ಲ. ಎದೆಯಲ್ಲಿ ಕೃತಜ್ಞತೆ ಇನ್ನೂ ಬೆಚ್ಚಗಿತ್ತು. ಯಾರದೂ ಅಲ್ಲ, ತನ್ನದೇ.

ಏನು ಬೇಡಿಕೊಳ್ಳುವುದು? ಮಗಳಿಗೆ ಸೀಟು ಸಿಗಲಿ. ಅವನಿಗೆ ಮದುವೆಯಾಗಿರಲಿಲ್ಲ. ಕೊಳವೆಬಾವಿಯಲ್ಲಿ ನೀರು ಬರಲಿ. ಬೆನ್ನುನೋವು ಹೋಗಲಿ. ಒಂದಾದ ಮೇಲೊಂದು ಬಂದವು, ಎಲ್ಲ ಜಪಾನಿಯಲ್ಲಿ. ಪೆನ್ನಿನ ತುದಿ ಒಣಗುವಷ್ಟು ಹೊತ್ತು ಕೂತು ಮುಚ್ಚಳ ಹಾಕಿದ.

ಕಿಟಕಿ ಮುಚ್ಚಿ ಪ್ರೊಜೆಕ್ಟರನ್ನು ಮಂಚದ ಮೇಲಿಟ್ಟು ಹಚ್ಚಿದ. ಆ ನಾಲ್ಕು ನಿಮಿಷವನ್ನಷ್ಟೇ ನೋಡಬೇಕು. ಎರಡು ಸಲ ಕಣ್ಣು ಮುಚ್ಚುವುದನ್ನು ತಾನೂ ನೋಡಬೇಕು. ಗೋಡೆಯ ಮೇಲೆ ಹೊಳೆ ಬಂತು. ಆ ಗೋಡೆಗೆ ಒತ್ತಿದ ಮೇಜಿನ ಮೇಲಿದ್ದ ಗೊಂಬೆಗಳನ್ನು ತೆಗೆಯಲು ಮರೆತಿದ್ದ. ಅವೆರಡೂ ನೀರಿನಲ್ಲಿ ಮುಳುಗಿ ನಿಂತವು.

ದೋಣಿ ದೂರದ ಮಂಜಿನಿಂದ ಹತ್ತಿರ ಹತ್ತಿರ ಬಂತು. ಹುಡುಗಿಯ ಮುಖ ದೊಡ್ಡದಾಗುತ್ತ ಆಗುತ್ತ, ಸರಿಯಾಗಿ ಗೊಂಬೆಯ ಮುಖದಷ್ಟಾಗಿ, ಕಣ್ಣಿಲ್ಲದ ಗೊಂಬೆಯ ಮೇಲೆಯೇ ಬಂದು ಕೂತಿತು. ಅವಳ ಎರಡೂ ಕಣ್ಣು ಅಳತೆ ತೆಗೆದು ಬರೆದ ಹಾಗೆ ಅದರ ಖಾಲಿ ಜಾಗದಲ್ಲಿ ನಿಂತವು. ಗೊಂಬೆ ಅವನನ್ನು ನೋಡಿತು. ಇನ್ನೊಂದು ಗಳಿಗೆಗೆ ದೋಣಿ ಸರಿದುಹೋಗುತ್ತದೆ.

ಕೆಂಪರಾಜು ಧಾವಂತದಲ್ಲಿ ಗುಂಡಿ ಒತ್ತಿ ಚಿತ್ರವನ್ನು ನಿಲ್ಲಿಸಿದ.

ಹೊಳೆ ನಿಂತಿತು. ಹುಟ್ಟು ಗಾಳಿಯಲ್ಲಿ ನಿಂತಿತು. ಪಕ್ಕದ ಗೊಂಬೆ ತನ್ನ ಸಣ್ಣ ಕಣ್ಣುಗಳಿಂದ ನೇರವಾಗಿ ನೋಡುತ್ತಲೇ ಇತ್ತು. ಕಣ್ಣಿಲ್ಲದ ಗೊಂಬೆಯ ಮುಖದ ಮೇಲೆ ನಿಂತ ಹುಡುಗಿಯ ಕಣ್ಣುಗಳು, ಆ ನಾಲ್ಕು ನಿಮಿಷದಲ್ಲಿ ಎರಡೇ ಸಲ ಮುಚ್ಚುವ ಕಣ್ಣುಗಳು, ಮುಚ್ಚಿದ್ದವು.